ಬಾಕ್ಸ್ ಒಳಗೆ ಯಾರಾದರೂ ಬಿದ್ದಾಗ ನಾನು ನೋಡುವುದೇನು

ಬೆಂಗಳೂರಿನಲ್ಲಿ ನಾನು ರೆಫ್ರಿಯಾಗಿ ನಿಲ್ಲುವ ಮ್ಯಾಚ್‌ಗಳಲ್ಲಿ ವಿಡಿಯೋ ಇರುವುದಿಲ್ಲ. ಲೋಕಲ್ ಲೀಗ್, ಕಾಲೇಜು ಟೂರ್ನಮೆಂಟ್, ಸಣ್ಣ ಹುಡುಗರ ಮ್ಯಾಚ್, ಎಲ್ಲೂ ಇಲ್ಲ. ಕೆಲವು ಕಡೆ ಲೈನ್‌ನಲ್ಲಿ ಬಾವುಟ ಹಿಡಿಯಲು ಗೊತ್ತಿರುವವರೂ ಸಿಗುವುದಿಲ್ಲ. ಎರಡೂ ಟೀಮಿನಿಂದ ಒಬ್ಬೊಬ್ಬ ಬದಲಿ ಆಟಗಾರ ಬಂದು ನಿಲ್ಲುತ್ತಾನೆ. ಅವನು ತನ್ನ ಟೀಮಿನ ವಿರುದ್ಧ ಪೆನಾಲ್ಟಿ ಹೇಳುತ್ತಾನಾ? ಬಾಲ್ ಲೈನ್ ದಾಟಿದರೆ ಬಾವುಟ ಎತ್ತು, ಅಷ್ಟು ಸಾಕು ಅಂತ ಮೊದಲೇ ಹೇಳಿಬಿಡುತ್ತೇನೆ. ಬಾಕ್ಸ್ ಒಳಗೆ, ಅಂದರೆ ಫೌಲ್ ಆದರೆ ಪೆನಾಲ್ಟಿ ಸಿಗುವ ಗೋಲ್ ಮುಂದಿನ ಚೌಕದಲ್ಲಿ, ಯಾರಾದರೂ ಬಿದ್ದರೆ ಅದು ನನ್ನೊಬ್ಬನ ತಲೆನೋವು.

ಹೊಸ ರೆಫ್ರಿಗಳು ಬಾಲ್ ಹಿಂದೆಯೇ ಓಡುತ್ತಾರೆ. ಓಡುವುದು ಒಳ್ಳೆಯದೇ, ಆದರೆ ನೇರ ಹಿಂದಿನಿಂದ ನೋಡಿದರೆ ಕಾಣುವುದು ಇಬ್ಬರು ಆಟಗಾರರ ಬೆನ್ನು ಮಾತ್ರ. ಯಾರ ಕಾಲು ಮೊದಲು ಬಾಲಿಗೆ ತಾಗಿತು, ಯಾರು ಯಾರ ಶರ್ಟ್ ಎಳೆದರು, ಏನೂ ಗೊತ್ತಾಗುವುದಿಲ್ಲ. ನನಗೆ ಬೇಕಿರುವುದು ಅವರಿಬ್ಬರ ನಡುವಿನ ಸಂದಿ. ಆ ಸಂದಿ ಕಾಣಬೇಕಾದರೆ ಪಕ್ಕಕ್ಕೆ ಹೋಗಬೇಕು. ಬಾಲ್ ಬಾಕ್ಸ್ ಕಡೆ ಹೋಗುತ್ತಿದೆ ಅನ್ನಿಸಿದ ಕೂಡಲೇ ನಾನು ಮೂರು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ, ಬಾಲಿಗೆ ಸ್ವಲ್ಪ ದೂರವಾದರೂ ಪರವಾಗಿಲ್ಲ. ತೀರಾ ಹತ್ತಿರ ನಿಂತರೂ ಕಷ್ಟ, ಮೇಲೆ ತಳ್ಳಾಟ ನೋಡುತ್ತಿದ್ದರೆ ಕೆಳಗೆ ಕಾಲು ತಪ್ಪಿಹೋಗುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಸ್ಟ್ರೈಕರ್ ಬಾಕ್ಸ್ ಒಳಗೆ ಬಂದ ಮೇಲೆ ನಾನು ಅವನನ್ನು ನೋಡುವುದಿಲ್ಲ, ಡಿಫೆಂಡರ್ ಕಾಲು ನೋಡುತ್ತೇನೆ. ಬೀಳುವವನು, ಕೂಗುವವನು ಸ್ಟ್ರೈಕರ್, ಹಾಗಾಗಿ ಎಲ್ಲರ ಕಣ್ಣು ಅವನ ಮೇಲೇ. ಆದರೆ ಫೌಲ್ ಆಗಿದೆಯೋ ಇಲ್ಲವೋ ಅನ್ನುವುದು ಡಿಫೆಂಡರ್ ಏನು ಮಾಡಿದ ಅನ್ನುವುದರ ಮೇಲೆ ನಿಂತಿದೆ ಅಲ್ವಾ? ತಡವಾಗಿ ಕಾಲು ಹಾಕಿದನಾ? ಬಾಲ್ ಅವನ ಅಳತೆಯಲ್ಲಿ ಇತ್ತಾ?

ಇಲ್ಲಿ ಸೈಡ್‌ಲೈನಿನವರಿಗೂ ನನಗೂ ದಿನಾ ಜಗಳ. "ಟಚ್ ಆಯ್ತು ಸಾರ್, ಎಲ್ಲರೂ ನೋಡಿದ್ರು!" ಆಗಿರಬಹುದಪ್ಪ. ಫುಟ್‌ಬಾಲ್‌ನಲ್ಲಿ ಮೈಗೆ ಮೈ ತಾಗುತ್ತದೆ. ತಾಗಿದ ಮಾತ್ರಕ್ಕೆ ಫೌಲ್ ಅಲ್ಲ. ಹಾಗೆಯೇ ತಾಗದೇ ಇದ್ದರೂ ಫೌಲ್ ಆಗಬಹುದು. ಎಡವಿ ಬೀಳಿಸಲು ನೋಡುವುದು, ಒದೆಯಲು ನೋಡುವುದು ಕೂಡ ತಪ್ಪು ಅಂತ ಫುಟ್‌ಬಾಲ್‌ನ 12ನೇ ನಿಯಮದಲ್ಲೇ ಇದೆ. ಜೋರಾಗಿ ಬರುವ ಟ್ಯಾಕಲ್ ತಪ್ಪಿಸಿಕೊಳ್ಳಲು ಹಾರಿ ಬಿದ್ದ ಹುಡುಗನನ್ನು ಮೋಸಗಾರ ಅನ್ನಲಾಗುವುದಿಲ್ಲ. ಅವನು ಕಾಲು ಉಳಿಸಿಕೊಂಡ, ಅಷ್ಟೇ.

ನಿಜವಾದ ಡೈವ್‌ಗೆ, ಅಂದರೆ ಫೌಲ್ ಸಿಗಲಿ ಅಂತ ಬೇಕಂತಲೇ ಬೀಳುವ ನಾಟಕಕ್ಕೆ, ಕೆಲವು ಗುರುತುಗಳಿವೆ. ನಿಜಕ್ಕೂ ಎಡವಿದವನು ನೆಲಕ್ಕೆ ಕೈ ಊರಲು ನೋಡುತ್ತಾನೆ, ನಾಟಕದವನ ಎರಡೂ ಕೈ ಮೇಲಕ್ಕೆ ಹೋಗುತ್ತವೆ. ಬಾಲ್ ಆಗಲೇ ದೂರ ಉರುಳಿರುತ್ತದೆ, ತನಗೆ ಸಿಗುವುದಿಲ್ಲ ಅಂತ ಅವನಿಗೂ ಗೊತ್ತು, ಆಗ ಕಾಲನ್ನು ಹಿಂದೆ ಎಳೆದು ಡಿಫೆಂಡರ್ ಮೊಣಕಾಲಿಗೆ ತಾನೇ ತಾಗಿಸುತ್ತಾನೆ. ಇದು ಜಾಸ್ತಿ ನಡೆಯುವ ಆಟ. ಇನ್ನೊಂದು ಗುರುತು ಕಣ್ಣು. ಪೆಟ್ಟು ತಿಂದವನು ಕಾಲು ನೋಡಿಕೊಳ್ಳುತ್ತಾನೆ ಇಲ್ಲವೇ ಬಾಲ್ ನೋಡುತ್ತಾನೆ, ನಾಟಕದವನು ನನ್ನನ್ನು ನೋಡುತ್ತಾನೆ. ಇದು ಒಂದೇ ಸಾಕ್ಷಿಯಾಗಿ ಸಾಲದು, ಉಳಿದದ್ದಕ್ಕೆ ಜೊತೆ ಸೇರಿಸಿಕೊಳ್ಳಬಹುದು.

ಡೈವ್‌ಗೆ ಹಳದಿ ಕಾರ್ಡ್ ಇದೆ. ಆದರೆ ಪೆನಾಲ್ಟಿ ಕೊಡದಿದ್ದರೆ ಕಾರ್ಡ್ ಕೊಡಲೇಬೇಕು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಬಾಕ್ಸ್‌ನಲ್ಲಿ ಬೀಳುವವರಲ್ಲಿ ಎಷ್ಟೋ ಜನ ಸುಮ್ನೆ ಬ್ಯಾಲೆನ್ಸ್ ತಪ್ಪಿ ಬೀಳುತ್ತಾರೆ. ಅಲ್ಲಿ ಫೌಲೂ ಇಲ್ಲ, ಮೋಸವೂ ಇಲ್ಲ. "ಏಳಪ್ಪ, ಏನಿಲ್ಲ, ಆಡು" ಅಂತ ಕೈ ತೋರಿಸಿ ಮುಂದೆ ಓಡುತ್ತೇನೆ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ವಿರುದ್ಧ ಬ್ರೆಜಿಲ್‌ನ ನೇಮಾರ್ ಬಿದ್ದಾಗ ಡಚ್ ರೆಫ್ರಿ ಬ್ಯೋರ್ನ್ ಕೈಪರ್ಸ್ ಮೊದಲು ಪೆನಾಲ್ಟಿ ಕೊಟ್ಟರು. ಮೈದಾನದ ಪಕ್ಕದ ವಿಡಿಯೋ ಮಾನಿಟರ್ ನೋಡಿ ಬಂದು ಅದನ್ನು ರದ್ದು ಮಾಡಿದರು. ಆದರೆ ಡೈವ್ ಅಂತ ಕಾರ್ಡ್ ತೋರಿಸಲಿಲ್ಲ. ಎಷ್ಟೋ ಜನಕ್ಕೆ ಅದು ಅರ್ಧ ತೀರ್ಪು ಅನ್ನಿಸಿತು. ನನಗೆ ಸರಿಯಾಗಿಯೇ ಕಂಡಿತು. ಡಿಫೆಂಡರ್ ಕೈ ಮೈ ಮೇಲೆ ಇತ್ತು, ಬೀಳಿಸುವಷ್ಟು ಇರಲಿಲ್ಲ.

ಹ್ಯಾಂಡ್‌ಬಾಲ್ ವಿಷಯಕ್ಕೆ ಬಂದರೆ ಗ್ರೌಂಡ್ ಪೂರ್ತಿ ರೆಫ್ರಿಗಳೇ. "ಹ್ಯಾಂಡ್! ಹ್ಯಾಂಡ್!" ಅಂತ ಚಹಾ ಮಾರುವವನೂ ಕೂಗುತ್ತಾನೆ. ಆಗ ನಾನು ಎರಡೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಕೈ ಎಲ್ಲಿತ್ತು? ಆ ಹೊತ್ತಿನ ಆಟಕ್ಕೆ ಕೈ ಅಲ್ಲಿ ಇರುವುದು ಸಹಜವಾ? ಓಡುವವನ ಕೈ ಬೀಸುತ್ತದೆ, ಜಾರುವವನ ಒಂದು ಕೈ ನೆಲಕ್ಕೆ ಊರುತ್ತದೆ. ಗೋಡೆಯಂತೆ ಮೈ ಅಗಲ ಮಾಡಿಕೊಂಡು ನಿಂತರೆ ಅದು ಬೇರೆ. ಕಂಕುಳಿನ ಕೆಳಗಿನ ಮಟ್ಟದಿಂದ ಮೇಲಿರುವುದು ಭುಜ, ಅಲ್ಲಿ ತಾಗಿದರೆ ತಪ್ಪಿಲ್ಲ. ಇದನ್ನು ಹುಡುಗರಿಗೆ ಟಾಸ್ ಹಾಕುವಾಗಲೇ ತೋಳು ಮುಟ್ಟಿ ತೋರಿಸುತ್ತೇನೆ.

ಕಾರ್ನರ್ ಕಿಕ್ ಹೊತ್ತಿನ ಎಳೆದಾಟದಲ್ಲಿ ಜನಕ್ಕೆ ತಿಳಿಯದ ಒಂದು ವಿಷಯ ಇದೆ. ಬಾಲ್ ಒದೆಯುವ ಮೊದಲು ಶರ್ಟ್ ಎಳೆದರೆ ಪೆನಾಲ್ಟಿ ಕೊಡಲು ಬರುವುದಿಲ್ಲ. ಆಟವೇ ಶುರುವಾಗಿಲ್ಲವಲ್ಲ. ಕಾರ್ಡ್ ಬೇಕಾದರೆ ಕೊಡಬಹುದು. ಒದ್ದ ಮರುಕ್ಷಣದಿಂದ ಅದೇ ಎಳೆತ ಪೆನಾಲ್ಟಿ. ಹಾಗಾಗಿ ನಾನು ಕಾರ್ನರ್ ತಡೆದು ಇಬ್ಬರನ್ನೂ ಹತ್ತಿರ ಕರೆದು ಒಂದೇ ಮಾತು ಹೇಳುತ್ತೇನೆ: "ನಾನು ನಿಮ್ಮಿಬ್ಬರನ್ನೇ ನೋಡ್ತಾ ಇರ್ತೀನಿ." ಹತ್ತರಲ್ಲಿ ಒಂಬತ್ತು ಸಲ ಕೈ ಬಿಡುತ್ತಾರೆ.

"ಲಾಸ್ಟ್ ಮ್ಯಾನ್ ಸಾರ್, ರೆಡ್ ಕಾರ್ಡ್!" ಅನ್ನುವುದು ಕೋಚ್‌ಗಳ ನಿತ್ಯದ ಮಂತ್ರ. ಫೌಲ್ ಮಾಡಿದವನು ಕೀಪರ್ ಮುಂದಿನ ಕೊನೆಯ ಡಿಫೆಂಡರ್ ಅಂತ ಅವರ ವಾದ. ನಿಯಮದಲ್ಲಿ ಲಾಸ್ಟ್ ಮ್ಯಾನ್ ಅನ್ನುವ ಲೆಕ್ಕ ಇಲ್ಲ. ಗೋಲ್ ಆಗುವ ಸ್ಪಷ್ಟ ಅವಕಾಶ ಹೋಯಿತಾ ಅನ್ನುವುದು ಮುಖ್ಯ. ಅದರಲ್ಲೂ 2016ರಿಂದ ಬದಲಾಗಿದೆ. ಬಾಕ್ಸ್ ಒಳಗೆ ಬಾಲಿಗೆ ಅಂತಲೇ ಹೋಗಿ ಫೌಲ್ ಆದರೆ ಪೆನಾಲ್ಟಿ ಜೊತೆ ಹಳದಿ. ಹಿಡಿದು ಎಳೆದರೆ, ತಳ್ಳಿದರೆ ಕೆಂಪು.

ಇನ್ನು ಮೊಬೈಲ್. ಹಾಫ್‌ಟೈಮಿನಲ್ಲಿ ಟೀಮ್ ಮ್ಯಾನೇಜರ್ ಫೋನ್ ಹಿಡಿದು ಬರುತ್ತಾರೆ. "ಏನ್ ಸಾರ್ ಇದು, ನೀವೇ ನೋಡಿ." ನೋಡುವುದಿಲ್ಲ. ಆಟ ಮತ್ತೆ ಶುರುವಾದ ಮೇಲೆ ತೀರ್ಪು ಬದಲಿಸಲು ನನಗೆ ಅಧಿಕಾರ ಇಲ್ಲ. ಮ್ಯಾಚ್ ಮುಗಿದ ಮೇಲೆ ಕಳುಹಿಸಿದರೆ ಮನೆಯಲ್ಲಿ ಕೂತು ನೋಡುತ್ತೇನೆ. ಗೋಲ್ ಹಿಂದಿನಿಂದ ಜೂಮ್ ಮಾಡಿ ತೆಗೆದ ವಿಡಿಯೋದಲ್ಲಿ ಒಂದು ಗಜ ದೂರ ಇದ್ದವರೂ ಅಂಟಿಕೊಂಡಂತೆ ಕಾಣುತ್ತಾರೆ. ಅದೇ ಘಟನೆಯನ್ನು ಪಕ್ಕದಿಂದ ತೆಗೆದಿದ್ದರೆ ನಡುವೆ ಗಾಳಿ ಕಾಣುತ್ತದೆ. ಕ್ಯಾಮೆರಾಗೂ ನನ್ನ ಹಾಗೆ ಸರಿಯಾದ ಜಾಗ ಬೇಕು.

ಸ್ಲೋ ಮೋಷನ್ ಇನ್ನೂ ಅಪಾಯ. ನಿಧಾನ ಮಾಡಿದರೆ ಪ್ರತಿ ಫೌಲೂ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ಅದಕ್ಕೇ ವಿಎಆರ್ (ವಿಡಿಯೋ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ) ನಿಯಮದಲ್ಲೂ ಎಲ್ಲಿ ತಾಗಿತು, ಬಾಕ್ಸ್ ಒಳಗಾ ಹೊರಗಾ ಅನ್ನುವುದಕ್ಕೆ ನಿಧಾನ. ಎಷ್ಟು ಜೋರಿತ್ತು, ಹ್ಯಾಂಡ್‌ಬಾಲ್ ತಪ್ಪಾ ಅನ್ನುವುದಕ್ಕೆ ಮಾಮೂಲಿ ವೇಗ ಅಂತ ಹೇಳಿದ್ದಾರೆ. 2018ರ ಫೈನಲ್‌ನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಕಾರ್ನರ್ ಬಾಲ್ ತಾಗಿದಾಗ ಅರ್ಜೆಂಟೀನಾದ ರೆಫ್ರಿ ನೆಸ್ಟರ್ ಪಿಟಾನಾ ಮಾನಿಟರ್ ನೋಡಿ ಹೊರಟವರು ಮತ್ತೆ ತಿರುಗಿ ಬಂದು ನೋಡಿದರು. ಕೊನೆಗೆ ಫ್ರಾನ್ಸ್‌ಗೆ ಪೆನಾಲ್ಟಿ. ವಿಡಿಯೋ ಮುಂದೆ ಇದ್ದೂ ಎರಡು ಸಲ ನೋಡಬೇಕಾಯಿತು. ಆ ತೀರ್ಪಿನ ಬಗ್ಗೆ ರೆಫ್ರಿಗಳೇ ಇವತ್ತಿಗೂ ಒಂದೇ ಮಾತು ಆಡುವುದಿಲ್ಲ.

ನಮ್ಮೂರಿನದೇ ಒಂದು ಉದಾಹರಣೆ ಇದೆ. 2023ರ ಮಾರ್ಚ್ 3ರಂದು ಕಂಠೀರವ ಸ್ಟೇಡಿಯಂನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ. ಎಕ್ಸ್‌ಟ್ರಾ ಟೈಮಿನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀ ಕಿಕ್ ಅನ್ನು ಚಕ್ಕನೆ ಒದ್ದು ಗೋಲ್ ಮಾಡಿದರು. ನಾವು ತಯಾರೇ ಆಗಿರಲಿಲ್ಲ ಅಂತ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟಿತು. ಆಮೇಲೆ ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್ ಆ ಕ್ಲಬ್‌ಗೆ 4 ಕೋಟಿ ದಂಡ ಹಾಕಿತು, ಕೋಚ್‌ಗೆ 10 ಮ್ಯಾಚ್ ನಿಷೇಧ. ವಿಎಆರ್ ಇದ್ದಿದ್ದರೆ ಗಲಾಟೆಯೇ ಆಗುತ್ತಿರಲಿಲ್ಲ ಅಂದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಜಗಳ ಇದ್ದದ್ದು ಬೇಗ ಒದೆಯಲು ರೆಫ್ರಿ ಬಿಟ್ಟಿದ್ದರಾ, ಸೀಟಿಗೆ ಕಾಯಲು ಹೇಳಿದ್ದರಾ ಅನ್ನುವುದರ ಮೇಲೆ. ಅದು ರೆಫ್ರಿ ಮತ್ತು ಆಟಗಾರರ ನಡುವಿನ ಮಾತು. ನಾನಂತೂ ಆಮೇಲೆ ಬಾಕ್ಸ್ ಹತ್ತಿರದ ಫ್ರೀ ಕಿಕ್‌ಗಳಲ್ಲಿ ಗೋಡೆಯಂತೆ ಸಾಲಾಗಿ ನಿಂತ ಡಿಫೆಂಡರ್‌ಗಳನ್ನು ಹಿಂದೆ ಸರಿಸಲು ಹೋದರೆ, ಸೀಟಿ ಎತ್ತಿ ಒದೆಯುವವನಿಗೆ ತೋರಿಸಿ, "ಇದಕ್ಕೆ ಕಾಯಿ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.

ಪೆನಾಲ್ಟಿ ಕೊಟ್ಟ ಮೇಲೆ ವಾದ ಕಮ್ಮಿ ಮಾಡಲು ಒಂದು ಉಪಾಯ: ಸೀಟಿ ಊದಿ ಅಲ್ಲೇ ನಿಲ್ಲಬಾರದು. ಪೆನಾಲ್ಟಿ ಸ್ಪಾಟ್ ಕಡೆ ಕೈ ತೋರಿಸಿ ಗೋಲ್ ಲೈನ್ ಕಡೆಗೆ ಓಡಬೇಕು. ಅಲ್ಲಿಯವರೆಗೆ ಬೆನ್ನಟ್ಟಿ ಬರುವವರು ಇಬ್ಬರೋ ಮೂವರೋ. ಆಮೇಲೆ ಕೀಪರ್‌ಗೆ ಹೇಳುತ್ತೇನೆ: ಒದೆಯುವಾಗ ಒಂದು ಕಾಲಿನ ಸ್ವಲ್ಪ ಭಾಗವಾದರೂ ಲೈನ್ ಮೇಲೆ ಇರಲಿ. ಒದೆಯುವವನಿಗೆ: ಓಡಿ ಬರುವಾಗ ಕೀಪರ್‌ನನ್ನು ಏಮಾರಿಸು, ಓಟ ಮುಗಿಸಿ ನಿಂತು ಏಮಾರಿಸಬೇಡ.

ಈಗ ಹೊಸದೊಂದು ಸೇರಿದೆ. 2025ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್ ಪೆನಾಲ್ಟಿ ಶೂಟೌಟ್‌ನಲ್ಲಿ ಸ್ಪೇನ್‌ನ ಕ್ಲಬ್ ಅಟ್ಲೆಟಿಕೋದ ಹೂಲಿಯನ್ ಅಲ್ವಾರೆಜ್ ಜಾರಿ, ಬಾಲ್ ಎರಡು ಸಲ ತಾಗಿತು ಅಂತ ಗೋಲ್ ರದ್ದಾಯಿತು. ಕೆಲವೇ ತಿಂಗಳಲ್ಲಿ ನಿಯಮ ಸ್ಪಷ್ಟವಾಯಿತು: ಬೇಕಂತ ಮಾಡದೆ ಎರಡು ಸಲ ತಾಗಿ ಗೋಲ್ ಆದರೆ ಮತ್ತೆ ಒದೆಯಬೇಕು. ಈಗ ನಮ್ಮ ಹುಡುಗ ಒದೆಯುವಾಗ ಸ್ವಲ್ಪ ಜಾರಿದರೂ ಕೀಪರ್ ಓಡಿ ಬರುತ್ತಾನೆ. "ಸಾರ್, ಎರಡು ಟಚ್, ರೀಟೇಕ್ ಕೊಡಿ!" ನೀನು ನೋಡಿದೆಯಾ ಅಂದರೆ, ಇಲ್ಲ ಸಾರ್, ಸೌಂಡ್ ಕೇಳಿಸಿತು ಅನ್ನುತ್ತಾನೆ.