ಬಾಣಂತಿ ಕೋಣೆಯ ದೀಪ: ಎಲ್ಲಿಡಬೇಕು, ಎಂಥದ್ದಿರಬೇಕು?

ನಮ್ಮ ಬಳಗದ ಬಾಣಂತನಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಗಲೆಲ್ಲ ಕಿಟಕಿ ಮುಚ್ಚಿ ಕತ್ತಲು. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಟಪ್ ಅಂತ ಟ್ಯೂಬ್‌ಲೈಟ್. ಹಾಲು ಕುಡಿದು ಮಗು ಮಲಗುತ್ತದೆ. ತಾಯಿಗೆ ಮಾತ್ರ ಬೆಳಗಿನವರೆಗೂ ನಿದ್ದೆ ಹತ್ತುವುದಿಲ್ಲ.

ಮೊದಲು ಹಗಲಿನದು. ಎದ್ದ ಕೂಡಲೇ ಪರದೆ ಸರಿಸಿ. ಗಾಳಿ ತಾಗುತ್ತದೆ ಅಂತ ಅಜ್ಜಿ ಹೆದರಿದರೆ ಗಾಜು ಮುಚ್ಚಿರಲಿ, ಬೆಳಕು ಬಂದರೆ ಸಾಕು. ಕೂಸಿಗೆ ಕಾಮಾಲೆ ಇದ್ದರೆ ಹಗಲ ಬೆಳಕಿನಲ್ಲೇ ಚೆನ್ನಾಗಿ ಕಾಣುವುದು. ಮೈ ಹಳದಿ ಕಂಡರೆ ಸುಮ್ನೆ ಎಳೆಬಿಸಿಲು ಕಾಯಿಸುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಎರಡನೆಯದು ಬಲ್ಬು. ಡಬ್ಬಿಯ ಮೇಲೆ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಥವಾ ವಾರ್ಮ್ ವೈಟ್, ಅಂದರೆ ಹಳದಿ ಛಾಯೆಯ ಬೆಳಕು, ಅಂತ ಇರುವುದನ್ನೇ ಕೇಳಿ ತನ್ನಿ. 6500 ಅಂದರೆ ನೀಲಿ ಬೆರೆತ ಬಿಳಿ ಬೆಳಕು, ಅದು ಬೇಡವೇ ಬೇಡ.

ಮೂರನೆಯದೇ ಎಲ್ಲರೂ ಎಡವುವ ಜಾಗ: ರಾತ್ರಿ ದೀಪ. ಕತ್ತಲಾದ ಮೇಲೆ ನಮ್ಮ ಮೈಯಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ. ಬಿಳಿ ಬೆಳಕು, ಅದರಲ್ಲೂ ಅದರೊಳಗಿನ ನೀಲಿ ಅಂಶ ಕಣ್ಣಿಗೆ ಬಿದ್ದರೆ ಇಳಿಯುತ್ತದೆ. ರಾತ್ರಿಯ ಎದೆಹಾಲಿನಲ್ಲೂ ಮೆಲಟೋನಿನ್ ಇರುತ್ತದೆ. ಹಗಲಿನ ಹಾಲಿನಲ್ಲಿ ತೀರಾ ಕಡಿಮೆ. ಮೊದಲ ಎರಡು ಮೂರು ತಿಂಗಳು ಮಗುವಿಗೆ ತನ್ನದೇ ಆದ ರಾತ್ರಿ-ಹಗಲಿನ ಲೆಕ್ಕ ಇರುವುದಿಲ್ಲ.

ಹಾಗಾಗಿ ರಾತ್ರಿ ಬೆಳಕು ನೇರವಾಗಿ ಕಣ್ಣಿಗೆ ಬೀಳದಂತೆ ದೀಪ ಮೇಲೆ ಬೇಡ, ಕೆಳಗಿರಲಿ. ಮಂಚದ ಹಿಂದೆ ಅಥವಾ ಪಕ್ಕದಲ್ಲಿ, ಮೊಣಕಾಲಿನ ಎತ್ತರದ ಪ್ಲಗ್‌ಗೆ ಅರ್ಧ ವಾಟಿನ ಕೆಂಪು ಅಥವಾ ಹಳದಿ ದೀಪ ಸಿಕ್ಕಿಸಿ. ಈಗ ತಾಯಿ ಮಲಗುವ ಜಾಗದಲ್ಲಿ ನೀವೇ ಮಲಗಿ ನೋಡಿ. ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ. ಆಮೇಲೆ ಹಾಲೂಡಿಸುವ ಹಾಗೆ ಎದ್ದು ಕೂತು ನೋಡಿ. ಬಲ್ಬೇ ಕಣ್ಣಿಗೆ ಬಿತ್ತಾ? ಜಾಗ ಬದಲಿಸಿ. ಗೋಡೆಯ ಮೇಲೆ ಹರಡಿದ ಬೆಳಕು ಮಾತ್ರ ಕಾಣಬೇಕು. ಮಗುವಿನ ಬಾಯಿ, ಮೂಗು, ಮೊಲೆತೊಟ್ಟು ಕಂಡರೆ ಸಾಕು. ಪೂರ್ತಿ ಕತ್ತಲಲ್ಲಿ ಹಾಲೂಡಿಸುವುದೂ ತಪ್ಪು. ಮಗು ಸರಿಯಾಗಿ ಕಚ್ಚಿದೆಯೋ, ಮೂಗು ಮುಚ್ಚಿದೆಯೋ ತಿಳಿಯುವುದಿಲ್ಲ.

ಬೆಳಕು ಜಾಸ್ತಿಯಾಯಿತು ಅಂತ ಬಲ್ಬಿಗೆ ಸೀರೆ ತುಂಡು ಸುತ್ತುವವರಿದ್ದಾರೆ. ದಯವಿಟ್ಟು ಬೇಡ, ಬೆಂಕಿ ಹತ್ತೀತು. ಮೊಬೈಲ್ ಟಾರ್ಚ್ ಟ್ಯೂಬ್‌ಲೈಟಿನಷ್ಟೇ ಕೆಟ್ಟದ್ದು. ಏಳು ಬಣ್ಣ ತಿರುಗುವ ಆಟಿಕೆ ದೀಪವನ್ನು ಯಾರಾದರೂ ಉಡುಗೊರೆ ಕೊಟ್ಟರೆ ಹಾಲ್‌ನಲ್ಲಿಡಿ.

ಬಚ್ಚಲುಮನೆ ಮರೆಯಬೇಡಿ. ಕೋಣೆಯಲ್ಲಿ ಇಷ್ಟೆಲ್ಲ ಮಾಡಿ, ಅಲ್ಲಿ ಬಿಳಿ ಲೈಟ್ ಹಾಕಿದರೆ ಏನು ಬಂತು? ಅಲ್ಲೂ ಒಂದು ಸಣ್ಣ ಹಳದಿ ದೀಪ ಇರಲಿ. ಕಾಲು ಜಾರದಷ್ಟು ಬೆಳಕು ಬೇಕೇ ಬೇಕು.

ಇಷ್ಟಾದರೂ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರುತ್ತಿಲ್ಲವೇ? ಎರಡು ವಾರ ಕಳೆದರೂ ಅಳು, ಬೇಸರ ನಿಂತಿಲ್ಲವೇ? ಅದು ದೀಪದಿಂದ ಸರಿಹೋಗುವಂಥದ್ದಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಹೊತ್ತಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.