ಜೇಬುಚಾಕುವಿನ ಹರಿತ: ಉಕ್ಕು, ಹದ ಮತ್ತು ಕೋನದ ಬಗ್ಗೆ ನನ್ನ ಅನುಭವ

ಜೇಬಿನಲ್ಲಿ ಇಟ್ಟುಕೊಳ್ಳುವ ಮಡಚುಚಾಕುಗಳನ್ನು ನಾನು ಹಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ, ಅವುಗಳಿಗೆ ಸಾಣೆಯನ್ನೂ ನಾನೇ ಹಿಡಿಯುತ್ತೇನೆ. ರಟ್ಟಿನ ಪೆಟ್ಟಿಗೆ ಸೀಳುವುದು, ಹಗ್ಗವನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಕತ್ತರಿಸುವುದು, ಹಣ್ಣು ಹೆಚ್ಚುವುದು, ಅಪರೂಪಕ್ಕೆ ಮರದ ಗೂಟ ಚೂಪು ಮಾಡುವುದು, ಇವಿಷ್ಟೇ ಅವುಗಳಿಗೆ ಬೀಳುವ ಕೆಲಸ. ಹೊಸ ಚಾಕು ಕೊಳ್ಳುವವರು ಮೊದಲು ಉಕ್ಕಿನ ಹೆಸರನ್ನು ಕೇಳುತ್ತಾರೆ. ಈಗ ಕೈಯಲ್ಲಿರುವ ಚಾಕು ಯಾವ ರೀತಿಯಲ್ಲಿ ಮೊಂಡಾಗಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಅದು ತಿಳಿಯದೆ ಉಕ್ಕನ್ನು ಆರಿಸಿದರೆ ಪ್ರಯೋಜನ ಕಡಿಮೆ. ತಿಳಿದ ಮೇಲೆ ಎಷ್ಟೋ ಸಲ ಉಕ್ಕನ್ನು ಬದಲಿಸುವ ಅಗತ್ಯವೇ ಬೀಳುವುದಿಲ್ಲ.

ಇದನ್ನು ನೋಡಲು ಒಂದು ದೀಪ ಮತ್ತು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಚಾಕುವಿನ ಬಾಯಿಯನ್ನು ಮೇಲಕ್ಕೆ ಮಾಡಿ ದೀಪದ ಕೆಳಗೆ ನಿಧಾನವಾಗಿ ಓಲಾಡಿಸಿದರೆ, ನಿಜವಾಗಿ ಹರಿತವಾಗಿರುವ ಭಾಗ ಕಣ್ಣಿಗೆ ಕಾಣುವುದೇ ಇಲ್ಲ, ಏಕೆಂದರೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲ ಅಲ್ಲಿ ಇರುವುದಿಲ್ಲ. ಮೊಂಡಾದ ಭಾಗ ಬಿಳಿಯ ಗೆರೆಯಾಗಿ ಹೊಳೆಯುತ್ತದೆ. ಆ ಗೆರೆ ಉದ್ದಕ್ಕೂ ಒಂದೇ ಸಮನಾಗಿದ್ದರೆ ಉಕ್ಕು ಉಜ್ಜಿ ಸವೆದಿದೆ. ಹೊಳಪು ಒಂದು ಮಗ್ಗುಲಿನಿಂದ ಮಾತ್ರ ಕಂಡು, ಹತ್ತಿಯ ಎಳೆ ಅದೇ ಮಗ್ಗುಲಿನಲ್ಲಿ ಸಿಕ್ಕಿಕೊಂಡರೆ ಬಾಯಿ ಮಡಿಸಿಕೊಂಡಿದೆ. ಅಲ್ಲಲ್ಲಿ ಚುಕ್ಕಿಗಳಂತೆ ಹೊಳೆದರೆ ಚೂರುಗಳು ಎದ್ದುಹೋಗಿವೆ. ನಾಲ್ಕನೆಯ ಬಗೆ ತುಕ್ಕು. ಅದು ಕಣ್ಣಿಗೆ ಕಾಣುವ ಮೊದಲೇ ಹರಿತವನ್ನು ತಿಂದಿರುತ್ತದೆ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ, ಕೆಲವು ಸಲ ಒಂದಕ್ಕೊಂದು ವಿರುದ್ಧ. ಮಡಿಸಿಕೊಳ್ಳುವುದನ್ನು ತಡೆಯಲು ಗಡಸುತನವನ್ನು ಏರಿಸಿದರೆ ಚೂರೇಳುವ ಸಾಧ್ಯತೆ ಹೆಚ್ಚುತ್ತದೆ. ಸವೆತವನ್ನು ತಡೆಯಲು ಉಕ್ಕಿನೊಳಗಿನ ಗಡಸು ಕಣಗಳಾದ ಕಾರ್ಬೈಡ್‌ಗಳನ್ನು ಹೆಚ್ಚಿಸಿದರೆ ಪೆಟ್ಟು ತಾಳುವ ಗುಣ ಇಳಿಯುತ್ತದೆ.

ಉಕ್ಕಿನ ಒಳಗೆ ಏನಿದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಕಬ್ಬಿಣಕ್ಕೆ ಇಂಗಾಲ ಸೇರಿದಾಗ ಅದನ್ನು ಕಾಯಿಸಿ ಥಟ್ಟನೆ ತಣಿಸಿ ಗಡಸುಗೊಳಿಸಲು ಸಾಧ್ಯವಾಗುತ್ತದೆ. ಇಂಗಾಲದಲ್ಲಿ ಒಂದು ಪಾಲು ಉಕ್ಕಿನ ಮೈಯಲ್ಲಿ ಕರಗಿ ಅದಕ್ಕೆ ಗಡಸುತನ ಕೊಟ್ಟರೆ, ಉಳಿದದ್ದು ಕ್ರೋಮಿಯಂ, ವನೇಡಿಯಂ ಮುಂತಾದ ಧಾತುಗಳೊಡನೆ ಕೂಡಿ ಕಾರ್ಬೈಡ್ ಎಂಬ ಅತಿ ಗಡಸಾದ ಸೂಕ್ಷ್ಮ ಕಣಗಳಾಗುತ್ತದೆ. ರಟ್ಟನ್ನು ಸೀಳುವಾಗ ಚಾಕುವಿನ ಬಾಯಿಯನ್ನು ಸವೆಸುವುದು ಕಾಗದದ ನಾರಿಗಿಂತ ಹೆಚ್ಚಾಗಿ ಅದರೊಳಗಿನ ಖನಿಜದ ಪುಡಿ ಮತ್ತು ಮರಳಿನ ಕಣ. ಅವುಗಳಿಗೆ ಎದುರು ನಿಲ್ಲುವವು ಈ ಕಾರ್ಬೈಡ್‌ಗಳು. ಹರಿತದ ಬಾಳಿಕೆಯನ್ನು ಯಂತ್ರದಲ್ಲಿ ಅಳೆಯುವ ಕ್ಯಾಟ್ರಾ ಪರೀಕ್ಷೆಯಲ್ಲಿ ಮಾಮೂಲು ಕಾಗದದ ಬದಲು ಶೇ. 5ರಷ್ಟು ಸಿಲಿಕಾ ಬೆರೆತ ಕಾಗದವನ್ನೇ ಕತ್ತರಿಸುವುದು ಈ ಕಾರಣಕ್ಕೆ. ಆದ್ದರಿಂದ ಆ ಪರೀಕ್ಷೆಯ ಅಂಕಿಗಳು ಸವೆತದ ಬಗ್ಗೆ ಮಾತ್ರ ಮಾತನಾಡುತ್ತವೆ, ಗೂಟ ಕೆತ್ತುವಾಗ ಬಾಯಿ ಮಡಿಸಿಕೊಳ್ಳುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ನಾನು ಒಂದೇ ಕೋನಕ್ಕೆ ಸಾಣೆ ಹಿಡಿದು, ಒಂದೇ ಕಂತೆಯ ಹಗ್ಗ ಮತ್ತು ಒಂದೇ ಬಗೆಯ ರಟ್ಟಿನ ಮೇಲೆ ಬೇರೆ ಬೇರೆ ಉಕ್ಕುಗಳನ್ನು ಹೋಲಿಸಿ ನೋಡಿದ್ದೇನೆ. ರಾಕ್‌ವೆಲ್ ಸಿ ಮಾಪಕದಲ್ಲಿ 55-56ರ ಆಸುಪಾಸಿನ ಗಡಸುತನವಿರುವ ವಿಕ್ಟೋರಿನಾಕ್ಸ್ ಚಾಕುವಿನ ಬಾಯಿ ಚೂರೆದ್ದದ್ದನ್ನು ನಾನು ಕಂಡಿಲ್ಲ. ಅದು ಬೇಗ ಮಡಿಸಿಕೊಳ್ಳುತ್ತದೆ, ಆದರೆ ಚರ್ಮದ ಪಟ್ಟಿಯ ಮೇಲೆ ಹತ್ತಾರು ಸಲ ಎಳೆದರೆ ಅಷ್ಟೇ ಬೇಗ ಸರಿಯಾಗುತ್ತದೆ. ಸುಮಾರು ಶೇ. 0.6 ಇಂಗಾಲ ಮತ್ತು ಶೇ. 14 ಕ್ರೋಮಿಯಂ ಇರುವ, ಸ್ವೀಡನ್ನಿನ 14ಸಿ28ಎನ್ ಉಕ್ಕಿನಲ್ಲಿ ಕಾರ್ಬೈಡ್‌ಗಳು ಕಡಿಮೆ, ಅವೂ ತೀರ ಸಣ್ಣವು. ಅದು ರಟ್ಟಿನ ಮೇಲೆ ಬಹುಕಾಲ ಬಾಳುವುದಿಲ್ಲ, ಆದರೂ ತೆಳುವಾದ ಬಾಯಿಯನ್ನು ಚೂರೇಳದೆ ಹಿಡಿದುಕೊಳ್ಳುವುದರಲ್ಲಿ ಅದಕ್ಕಿಂತ ಹೆಚ್ಚು ಹೆಸರುವಾಸಿಯಾದ ಉಕ್ಕುಗಳನ್ನು ಹಿಂದೆ ಹಾಕಿತು. ಡಿ2 ಮೂಲತಃ ಅಚ್ಚುಗಳಿಗಾಗಿ ಮಾಡಿದ ಉಪಕರಣದ ಉಕ್ಕು. ಅದರ ಕಾರ್ಬೈಡ್‌ಗಳು ದೊಡ್ಡವಾದ್ದರಿಂದ ಬಾಯಿಯನ್ನು ತೀರ ನಯಗೊಳಿಸುವುದು ಕಷ್ಟ, ಆದರೆ ಸ್ವಲ್ಪ ಒರಟಾಗಿ ಬಿಟ್ಟ ಬಾಯಿ ಹಗ್ಗವನ್ನು ದೀರ್ಘಕಾಲ ಗರಗರನೆ ಕೊಯ್ಯುತ್ತದೆ.

ಇವೆಲ್ಲಕ್ಕಿಂತ ಸವೆತವನ್ನು ಹೆಚ್ಚು ತಡೆದದ್ದು ಶೇ. 4ರಷ್ಟು ವನೇಡಿಯಂ ಇರುವ ಎಸ್30ವಿ ಮತ್ತು ಶೇ. 9ರಷ್ಟಿರುವ ಎಸ್90ವಿ. ಇವು ಪುಡಿಲೋಹದ ವಿಧಾನದಲ್ಲಿ ತಯಾರಾದವು: ಕರಗಿದ ಉಕ್ಕನ್ನು ಅನಿಲದ ರಭಸದಿಂದ ಸಿಡಿಸಿ ಪುಡಿ ಮಾಡಿ, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿಯಾಗಿಸುತ್ತಾರೆ. ಪ್ರತಿ ಹನಿಯೂ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟುವುದರಿಂದ ಕಾರ್ಬೈಡ್‌ಗಳಿಗೆ ದೊಡ್ಡದಾಗಿ ಬೆಳೆಯಲು ಸಮಯವೇ ಸಿಗುವುದಿಲ್ಲ. ಡಿ2ನಂತಹ ಎರಕದ ಉಕ್ಕಿನಲ್ಲಿ ಇಷ್ಟು ವನೇಡಿಯಂ ಹಾಕಿದ್ದರೆ ಅದು ಚಾಕುವಿಗೆ ಬಾರದಷ್ಟು ಪೆಡಸಾಗುತ್ತಿತ್ತು.

ಹೆಸರು ಒಂದೇ ಆದರೂ ಹದ ಬೇರೆಯಾದರೆ ಉಕ್ಕು ಬೇರೆಯೇ. ಎಷ್ಟು ಉಷ್ಣತೆಗೆ ಕಾಯಿಸಿದರು, ಎಷ್ಟು ಬೇಗ ತಣಿಸಿದರು, ಆಮೇಲೆ ಎಷ್ಟು ಬಿಸಿಯಲ್ಲಿ ಹದಗೊಳಿಸಿದರು ಎಂಬುದರ ಮೇಲೆ ಅದೇ ಎಸ್30ವಿ ರಾಕ್‌ವೆಲ್ ಮಾಪಕದಲ್ಲಿ 58ಕ್ಕೂ ನಿಲ್ಲಬಹುದು, 61ಕ್ಕೂ ಏರಬಹುದು. ಈ ಮೂರು ಅಂಕ ನೋಡಲು ಸಣ್ಣದು. ಭೂತಗನ್ನಡಿಯ ಕೆಳಗೆ ಒಂದರಲ್ಲಿ ಮಡಿಕೆ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಸಾಧಾರಣವೆನ್ನಿಸಿಕೊಂಡ 420ಎಚ್‌ಸಿ ಉಕ್ಕನ್ನೇ ಚೆನ್ನಾಗಿ ಹದಗೊಳಿಸಿದ ಚಾಕು, ಹದ ತಪ್ಪಿದ ದುಬಾರಿ ಉಕ್ಕಿನ ಚಾಕುವಿಗಿಂತ ಕೈಗೆ ಹೆಚ್ಚು ಹಿತವಾಗಿದ್ದುದನ್ನು ಕಂಡಿದ್ದೇನೆ. ಅಲಗಿನ ಮೇಲೆ ಉಕ್ಕಿನ ಹೆಸರನ್ನು ಕೆತ್ತಿ ಗಡಸುತನವನ್ನು ಎಲ್ಲಿಯೂ ಹೇಳದ ತಯಾರಕರ ಬಗ್ಗೆ ನನಗೆ ಆಮೇಲಿನಿಂದ ವಿಶ್ವಾಸ ಕಡಿಮೆ.

ಇನ್ನು ಕೋನ. ನನ್ನ ಚಾಕುಗಳ ಹರಿತದ ಬಾಳಿಕೆಯಲ್ಲಿ ಅತಿ ದೊಡ್ಡ ಬದಲಾವಣೆ ತಂದದ್ದು ಇದೇ, ಯಾವ ಉಕ್ಕೂ ಅಷ್ಟು ಬದಲಾವಣೆ ತಂದಿಲ್ಲ. ಕಾರ್ಖಾನೆಯಿಂದ ಬರುವ ಬಹುಪಾಲು ಜೇಬುಚಾಕುಗಳ ಬಾಯಿ ಒಂದೊಂದು ಮಗ್ಗುಲಿಗೆ 20 ಡಿಗ್ರಿಯ ಸುತ್ತಮುತ್ತ ಇರುತ್ತದೆ, ಕೆಲವು ಅದಕ್ಕಿಂತಲೂ ದಪ್ಪ. ಅದನ್ನು 15 ಡಿಗ್ರಿಗೆ ಇಳಿಸಿದಾಗ ಅದೇ ಚಾಕು ಅದೇ ಹಗ್ಗವನ್ನು ಎಷ್ಟೋ ಹೆಚ್ಚು ಹೊತ್ತು ಕತ್ತರಿಸಿತು. ಕಾರಣ ಸರಳ. ಬಾಯಿ ಸವೆದು ದುಂಡಗಾದ ಮೇಲೂ ಅದರ ಹಿಂದಿನ ಅಲಗು ತೆಳುವಾಗಿದ್ದರೆ ವಸ್ತುವನ್ನು ಸರಿಸಿಕೊಂಡು ಒಳಗೆ ಹೋಗುತ್ತದೆ. ದಪ್ಪಗಿದ್ದರೆ ಹರಿತ ಉಳಿದಿದ್ದರೂ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಕಾರಣಕ್ಕೆ ಬಾಯಿಯ ಇಳಿಜಾರು ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿನ ದಪ್ಪವನ್ನೂ ಕ್ಯಾಲಿಪರ್‌ನಿಂದ ಅಳೆಯುತ್ತೇನೆ. 0.3 ಮಿಲಿಮೀಟರ್ ಇದ್ದರೆ ಸಂತೋಷ, 0.7 ಇದ್ದರೆ ಉಕ್ಕು ಎಷ್ಟೇ ಒಳ್ಳೆಯದಾದರೂ ರಟ್ಟಿನಲ್ಲಿ ಕೈಗೆ ಶ್ರಮ.

ಕೋನವನ್ನು ಹಿಡಿಯಲು ನಾನು ಯಾವ ಸಾಧನವನ್ನೂ ಬಳಸುವುದಿಲ್ಲ, ಒಂದು ಚಿಕ್ಕ ಲೆಕ್ಕ ಸಾಕಾಗುತ್ತದೆ. ಅಲಗಿನ ಅಗಲವನ್ನು ಬೇಕಾದ ಕೋನದ ಸೈನ್‌ನಿಂದ ಗುಣಿಸಿದರೆ, ಬೆನ್ನಿನ ನಡುಗೆರೆ ಕಲ್ಲಿನಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದು ಸಿಗುತ್ತದೆ. ಅಲಗು 20 ಮಿಲಿಮೀಟರ್ ಅಗಲವಿದ್ದರೆ 15 ಡಿಗ್ರಿಗೆ 5.2 ಮಿಲಿಮೀಟರ್, 20 ಡಿಗ್ರಿಗೆ 6.8 ಮಿಲಿಮೀಟರ್. ಆ ಎತ್ತರದ ಮರದ ತುಂಡೊಂದನ್ನು ಕಲ್ಲಿನ ಮೇಲಿಟ್ಟು, ಅಲಗನ್ನು ಅದಕ್ಕೆ ಆನಿಸಿ, ಕೈಗೆ ಆ ಓರೆ ಗೊತ್ತಾದ ಮೇಲೆ ತುಂಡನ್ನು ತೆಗೆದುಬಿಡುತ್ತೇನೆ. ಇಳಿಜಾರಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡು ಸಲ ಉಜ್ಜಿ ನೋಡಿದರೆ ಕಲ್ಲು ಎಲ್ಲಿ ತಾಗುತ್ತಿದೆ ಎಂಬುದು ತಿಳಿಯುತ್ತದೆ: ಶಾಯಿ ಮೇಲ್ಭಾಗದಲ್ಲಿ ಮಾತ್ರ ಅಳಿಸಿದರೆ ಕೋನ ಕಡಿಮೆಯಾಗಿದೆ, ತುದಿಯಲ್ಲಿ ಮಾತ್ರ ಅಳಿಸಿದರೆ ಹೆಚ್ಚಾಗಿದೆ.

ಒಂದು ಚಾಕುವಿಗೆ ಯಾವ ಕೋನ ಸರಿ ಎಂಬುದನ್ನು ನಾನು ಮೇಲಿನಿಂದ ಕೆಳಕ್ಕೆ ಇಳಿದು ಕಂಡುಕೊಳ್ಳುತ್ತೇನೆ. 18ರಿಂದ ಆರಂಭಿಸಿ, ಪ್ರತಿ ಸಲ ಸಾಣೆ ಹಿಡಿಯುವಾಗಲೂ ಒಂದೆರಡು ಡಿಗ್ರಿ ಇಳಿಸುತ್ತ, ಎಂದಿನ ಕೆಲಸದಲ್ಲಿ ಬಾಯಿ ಮಡಿಸಿಕೊಳ್ಳುವುದೋ ಚೂರೇಳುವುದೋ ಮೊದಲ ಬಾರಿಗೆ ಭೂತಗನ್ನಡಿಯಲ್ಲಿ ಕಂಡಾಗ ನಿಲ್ಲಿಸುತ್ತೇನೆ. ಅಲ್ಲಿಗೆ ಇಡೀ ಇಳಿಜಾರನ್ನು ಹಾಗೆಯೇ ಬಿಟ್ಟು, ತುದಿಯಲ್ಲಿ ಮಾತ್ರ ಎರಡು ಮೂರು ಡಿಗ್ರಿ ಏರಿಸಿ ಹಗುರವಾಗಿ ಕೆಲವೇ ಸಲ ಎಳೆದರೆ ಕೂದಲೆಳೆಯಷ್ಟು ಅಗಲದ ಎರಡನೆಯ ಇಳಿಜಾರು ಮೂಡುತ್ತದೆ. ತೆಳುತನದ ಲಾಭ ಉಳಿಯುತ್ತದೆ, ತುದಿಗೆ ಬಲವೂ ಬರುತ್ತದೆ. ಹೀಗೆ ನೋಡಿದಾಗ 14ಸಿ28ಎನ್ 12 ಡಿಗ್ರಿಯವರೆಗೆ ನಿರಾಯಾಸವಾಗಿ ಇಳಿಯಿತು, ಡಿ2 16ರ ಹತ್ತಿರ ನಿಂತಿತು. ಹೆಚ್ಚು ಸವೆಯದ ಉಕ್ಕೆಂದು ಹೆಸರಾದದ್ದು ದಪ್ಪ ಬಾಯಿಯನ್ನೇ ಬೇಡಿದರೆ, ಬೇಗ ಸವೆಯುವ ಉಕ್ಕು ತೆಳು ಬಾಯಿಯಿಂದ ಅದರ ಹತ್ತಿರಕ್ಕೆ ಬಂದುಬಿಡುತ್ತದೆ.

ಸಾಣೆಕಲ್ಲಿನ ಆಯ್ಕೆಯನ್ನು ಉಕ್ಕೇ ನಿರ್ಧರಿಸುತ್ತದೆ. ಗಡಸುತನವನ್ನು ಅಳೆಯುವ ಇನ್ನೊಂದು ಮಾಪಕವಾದ ವಿಕರ್ಸ್‌ನಲ್ಲಿ ಕ್ರೋಮಿಯಂ ಕಾರ್ಬೈಡ್ ಸುಮಾರು 1,500, ಮಾಮೂಲು ಕಲ್ಲುಗಳ ಅಲ್ಯೂಮಿನಿಯಂ ಆಕ್ಸೈಡ್ ಸುಮಾರು 2,000, ವನೇಡಿಯಂ ಕಾರ್ಬೈಡ್ ಸುಮಾರು 2,800. ಅಂದರೆ ಎಸ್90ವಿಯನ್ನು ಮಾಮೂಲು ಕಲ್ಲಿನ ಮೇಲೆ ಉಜ್ಜಿದಾಗ ಕಾರ್ಬೈಡ್‌ಗಳು ಕೊಯ್ಯಲ್ಪಡುವುದಿಲ್ಲ. ಸುತ್ತಲಿನ ಉಕ್ಕು ಸವೆದು ಅವು ಹಾಗೆಯೇ ಉಳಿಯುತ್ತವೆ ಇಲ್ಲವೇ ಕಿತ್ತು ಬರುತ್ತವೆ. ಒರಟು ಕಲ್ಲಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ನಯಗೊಳಿಸುವಾಗ ಬಾಯಿ ಹರಿತವಾಗದೆ ದುಂಡಗಾಗುತ್ತದೆ. ವನೇಡಿಯಂ ಹೆಚ್ಚಿರುವ ಉಕ್ಕಿಗೆ ವಜ್ರದ ಪುಡಿಯ ಕಲ್ಲು, ಕೊನೆಗೆ ವಜ್ರದ ಲೇಪವಿರುವ ಚರ್ಮದ ಪಟ್ಟಿ, ಇವೆರಡಕ್ಕೆ ನಾನು ಬದಲಿ ಕಂಡಿಲ್ಲ.

ಉಜ್ಜುವಾಗ ಎದುರು ಮಗ್ಗುಲಿಗೆ ಸೂಕ್ಷ್ಮವಾದ ಲೋಹದ ಎಳೆಯೊಂದು ಬಾಗಿ ನಿಲ್ಲುತ್ತದೆ, ಬರ್ ಎನ್ನುತ್ತಾರೆ. ಅದು ಮೂಡಿತೆಂದರೆ ಕಲ್ಲು ತುದಿಯನ್ನು ಮುಟ್ಟಿದೆ ಎಂದರ್ಥ, ಆದರೆ ಅದನ್ನು ಪೂರ್ತಿ ತೆಗೆಯದಿದ್ದರೆ ಹರಿತ ನಿಲ್ಲುವುದಿಲ್ಲ. ಕಾಗದವನ್ನು ಸೊಗಸಾಗಿ ಸೀಳಿದ ಚಾಕು ನಾಲ್ಕು ರಟ್ಟು ಕತ್ತರಿಸುವಷ್ಟರಲ್ಲಿ ಮೊಂಡಾಯಿತೆಂದು ಯಾರಾದರೂ ಉಕ್ಕನ್ನು ಬೈದರೆ, ನಾನು ಮೊದಲು ಸಂಶಯಪಡುವುದು ಉಳಿದುಹೋದ ಈ ಎಳೆಯನ್ನು. ಮಗ್ಗುಲು ಬದಲಿಸುತ್ತ, ಒತ್ತಡವನ್ನು ಬರಬರುತ್ತ ಕಡಿಮೆ ಮಾಡುತ್ತ, ಕೊನೆಯ ಕೆಲವು ಎಳೆತಗಳನ್ನು ಚಾಕುವಿನ ಭಾರದಲ್ಲೇ ಮುಗಿಸುವುದು ಅದಕ್ಕೆ ದಾರಿ. ಮೋಟಾರಿನಿಂದ ತಿರುಗುವ ಒಣ ಪಟ್ಟಿಯ ಮೇಲೆ ನಾನು ಸಾಣೆ ಹಿಡಿಯುವುದಿಲ್ಲ. ಅಲಗು ಮುಟ್ಟಲು ತಣ್ಣಗಿದ್ದರೂ ತುದಿಯ ಕೆಲವೇ ಮೈಕ್ರಾನ್‌ಗಳು ಹದದ ಉಷ್ಣತೆಯನ್ನು ಮೀರಿ ಮೆತ್ತಗಾಗಬಹುದು. ಹೊಸ ಚಾಕುವಿನ ಕಾರ್ಖಾನೆಯ ಬಾಯಿಗಿಂತ ಕೈಯಿಂದ ಒಂದೆರಡು ಸಲ ಸಾಣೆ ಹಿಡಿದ ಮೇಲಿನ ಬಾಯಿ ಹೆಚ್ಚು ಬಾಳುವುದನ್ನು ನಾನು ಮತ್ತೆ ಮತ್ತೆ ಕಂಡಿರುವುದಕ್ಕೆ ಕಾರಣ ಇದೇ ಇರಬೇಕು.

ತುಕ್ಕಿನ ವಿಷಯ ಬೇಗ ಮುಗಿಯುತ್ತದೆ. 1913ರಲ್ಲಿ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ ತುಕ್ಕುಹಿಡಿಯದ ಉಕ್ಕಿನಲ್ಲಿ ತುಕ್ಕನ್ನು ತಡೆಯುವ ಕ್ರೋಮಿಯಂ ಶೇ. 12.8 ಇದ್ದರೂ ಇಂಗಾಲ ಶೇ. 0.24 ಮಾತ್ರ ಇತ್ತು. ಆ ಕಾಲದ ಸ್ಟೇನ್‌ಲೆಸ್ ಚಾಕುಗಳು ಕತ್ತರಿಸುವುದೇ ಇಲ್ಲವೆಂಬ ದೂರು ಬಂದುದರಲ್ಲಿ ಆಶ್ಚರ್ಯವಿಲ್ಲ. ಕ್ರೋಮಿಯಂ ಎಷ್ಟಿದೆ ಎಂಬುದಕ್ಕಿಂತ ಕಾರ್ಬೈಡ್‌ನಲ್ಲಿ ಸಿಕ್ಕಿಕೊಳ್ಳದೆ ಎಷ್ಟು ಉಳಿದಿದೆ ಎಂಬುದು ತುಕ್ಕಿಗೆ ಲೆಕ್ಕ. ಡಿ2ನಲ್ಲಿ ಶೇ. 12ರಷ್ಟಿದ್ದರೂ ಸುಮಾರು ಅರ್ಧ ಕಾರ್ಬೈಡ್‌ಗಳ ಪಾಲಾಗುವುದರಿಂದ ಬೆವರಿಗೂ ಅದರ ಮೇಲೆ ಚುಕ್ಕೆ ಏಳುತ್ತದೆ. ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಹೊರಬಂದ ಮ್ಯಾಗ್ನಾಕಟ್ ಎಂಬ ಉಕ್ಕಿನಲ್ಲಿ ಕ್ರೋಮಿಯಂ ಶೇ. 10.7 ಮಾತ್ರ, ಆದರೆ ಗಡಸುಗೊಳಿಸಿದ ಮೇಲೆ ಕ್ರೋಮಿಯಂ ಕಾರ್ಬೈಡ್‌ಗಳೇ ಉಳಿಯದಂತೆ ಅದನ್ನು ಹೊಂದಿಸಿರುವುದರಿಂದ ಡಿ2ಗಿಂತ ಎಷ್ಟೋ ಚೆನ್ನಾಗಿ ತುಕ್ಕನ್ನು ತಡೆಯುತ್ತದೆ. ಹುಳಿ ಹಣ್ಣನ್ನು ಹೆಚ್ಚಿದ ಮೇಲೆ ಚಾಕುವನ್ನು ಒರೆಸದೆ ಮಡಚಿಟ್ಟರೆ ಮರುದಿನ ಹರಿತ ಕಡಿಮೆಯಾಗಿರುವುದು ಕ್ರೋಮಿಯಂ ಅತಿ ಕಡಿಮೆಯಿರುವ ಕಾರ್ಬನ್ ಉಕ್ಕಿನಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒರೆಸಿ, ಒಣಗಿಸಿ, ತಿರುಗಣೆಗೆ ಒಂದು ಹನಿ ಎಣ್ಣೆ ಬಿಟ್ಟರೆ ಆಯಿತು.

ಮುರಿಯುವ ಮಾತು ಬಂದರೆ, ಜೇಬುಚಾಕುವಿನಲ್ಲಿ ಸಾಮಾನ್ಯವಾಗಿ ಮುರಿಯುವುದು ಮೊನೆ, ಅದೂ ಡಬ್ಬಿಯ ಮುಚ್ಚಳವನ್ನೋ ಮೊಳೆಯನ್ನೋ ಮೀಟಲು ಹೋದಾಗ. ಯಾವ ಉಕ್ಕೂ ಅದನ್ನು ಪೂರ್ತಿ ತಡೆಯದು, ಪೆಟ್ಟು ತಾಳುವ ಉಕ್ಕಾದರೆ ಮುರಿಯುವ ಬದಲು ಬಾಗಬಹುದು, ಅಷ್ಟೇ. ಮೀಟುವ ಕೆಲಸಕ್ಕೆ ಸ್ಕ್ರೂಡ್ರೈವರ್ ಇದೆ.

ಈಗ ನಾನು ದಿನವೂ ಜೇಬಿನಲ್ಲಿ ಇಟ್ಟುಕೊಳ್ಳುವುದು 13 ಡಿಗ್ರಿಗೆ ತೆಳುಗೊಳಿಸಿ ತುದಿಯಲ್ಲಿ 15ಕ್ಕೆ ಏರಿಸಿದ 14ಸಿ28ಎನ್ ಚಾಕುವನ್ನು. ಪೆಟ್ಟಿಗೆಗಳನ್ನು ಒಂದರ ಹಿಂದೆ ಒಂದು ಒಡೆಯಬೇಕಾದ ದಿನ ಎಸ್30ವಿ ಹೊರಗೆ ಬರುತ್ತದೆ. ಅದನ್ನು 400 ಗ್ರಿಟ್‌ನ ವಜ್ರದ ಕಲ್ಲಿನಲ್ಲೇ ನಿಲ್ಲಿಸುತ್ತೇನೆ, ಏಕೆಂದರೆ ಎಳೆದು ಕೊಯ್ಯುವ ಕೆಲಸಕ್ಕೆ ಆ ಸಣ್ಣ ಹಲ್ಲುಗಳು ಬೇಕು. ಮರ ಕೆತ್ತುವ ಚಾಕುವಿಗೆ ಮಾತ್ರ ಚರ್ಮದ ಪಟ್ಟಿಯವರೆಗೆ ಹೋಗಿ ನಯ ಕೊಡುತ್ತೇನೆ, ಅಲ್ಲಿ ಎಳೆತವಿಲ್ಲ, ನೇರ ಒತ್ತುವಿಕೆ ಇದೆ. ಕಾಗದವನ್ನು ಸೀಳುವಾಗ ಅಲಗು ಒಂದೇ ಜಾಗದಲ್ಲಿ ಎರಡು ಸಲ ತಡೆದರೆ ಆ ಸಂಜೆಯೇ ಭೂತಗನ್ನಡಿ ತೆಗೆದು ನೋಡುತ್ತೇನೆ. ಬರಿಯ ಮಡಿಕೆಯಾದರೆ ಪಟ್ಟಿಯ ಮೇಲೆ ಎಳೆದು ಮುಗಿಸುತ್ತೇನೆ, ಸವೆತವಾದರೆ ನಯವಾದ ಕಲ್ಲಿನ ಮೇಲೆ ಮಗ್ಗುಲಿಗೆ ಐದಾರು ಎಳೆತ ಸಾಕು, ಚೂರೆದ್ದಿದ್ದರೆ ಒರಟು ಕಲ್ಲಿನಿಂದ ಆರಂಭಿಸಿ ಒಂದು ಡಿಗ್ರಿ ಏರಿಸುತ್ತೇನೆ.