ಮಾತ್ರೆಯಿಂದ ಮುಟ್ಟು ಏರುಪೇರಾಗಿದೆಯೇ? ಗುರುತಿಸಿ, ಬರೆದಿಟ್ಟು, ವರದಿ ಮಾಡುವ ಬಗೆ

ಹೊಸ ಮಾತ್ರೆ ಶುರುವಾದ ಒಂದೆರಡು ತಿಂಗಳಲ್ಲಿ ಮುಟ್ಟು ಮುಂದಕ್ಕೆ ಹೋದರೆ ಹೆಚ್ಚಿನವರು ದೂರುವುದು ಬಿಸಿಲನ್ನು, ಪ್ರಯಾಣವನ್ನು, ಮನೆಯ ಚಿಂತೆಯನ್ನು. ಮಾತ್ರೆಯ ಮೇಲೆ ಅನುಮಾನ ಬರುವುದೇ ಅಪರೂಪ. ಸಂಶೋಧನೆಯಲ್ಲಿಯೂ ಈ ವಿಷಯ ಬಹುಕಾಲ ಬದಿಗೆ ಸರಿದಿತ್ತು. ಗರ್ಭದಲ್ಲಿರುವ ಶಿಶುವಿಗೆ ಹಾನಿಯಾದೀತೆಂಬ ಭಯದಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1977ರಲ್ಲಿ, ಗರ್ಭ ಧರಿಸಬಲ್ಲ ವಯಸ್ಸಿನ ಮಹಿಳೆಯರನ್ನು ಔಷಧ ಪ್ರಯೋಗದ ಆರಂಭಿಕ ಹಂತಗಳಿಂದ ಹೊರಗಿಡುವ ಮಾರ್ಗಸೂಚಿಯನ್ನು ಹೊರಡಿಸಿತು. ಅದನ್ನು ಬದಲಿಸಿದ್ದು 1993ರಲ್ಲಿ. ಹೀಗಾಗಿ ಮುಟ್ಟಿನ ಮೇಲೆ ಆಗುವ ಎಷ್ಟೋ ಪರಿಣಾಮಗಳು ಬೆಳಕಿಗೆ ಬರಬೇಕಾದದ್ದು ಔಷಧ ಮಾರುಕಟ್ಟೆಗೆ ಬಂದ ಮೇಲೆ, ಅದನ್ನು ನುಂಗುವವರ ಬಾಯಿಂದಲೇ.

ಮುಟ್ಟು ತಪ್ಪಿದಾಗ ಮೊದಲು ಮಾಡಬೇಕಾದದ್ದು ಗರ್ಭ ಪರೀಕ್ಷೆ. ‘ಇರಲಾರದು’ ಎಂದುಕೊಂಡು ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ರಕ್ತಸ್ರಾವ ಗಂಟೆಗೊಂದು ಪ್ಯಾಡ್ ತೋಯುವಷ್ಟಿದ್ದರೆ ಅಥವಾ ತಲೆಸುತ್ತು ಬರುತ್ತಿದ್ದರೆ ಬರವಣಿಗೆಗೆ ಕೂರದೆ ಆಸ್ಪತ್ರೆಗೆ ಹೋಗಬೇಕು.

ಅನಂತರ ಕ್ಯಾಲೆಂಡರಿನಲ್ಲಿ ಹಿಂದಿನ ಮೂರು ತಿಂಗಳನ್ನಾದರೂ ನೆನಪು ಮಾಡಿಕೊಂಡು ಗುರುತು ಹಾಕಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 24ರಿಂದ 38 ದಿನಗಳ ಅಂತರ, ಎಂಟು ದಿನ ಮೀರದ ಸ್ರಾವ ಸಹಜವೆಂಬುದು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ಅಳತೆ. ಆದರೆ ಇಲ್ಲಿ ಮುಖ್ಯವಾದದ್ದು ನಿಮ್ಮ ಮೊದಲಿನ ಕ್ರಮಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ. ಅದೇ ಹಾಳೆಯಲ್ಲಿ ಮಾತ್ರೆ ಆರಂಭಿಸಿದ ದಿನ, ಪ್ರಮಾಣ ಹೆಚ್ಚಿಸಿದ ದಿನ, ನಿಲ್ಲಿಸಿದ ದಿನ ಇವನ್ನೂ ಬರೆಯಿರಿ. ಖಾಲಿಯಾದ ಸ್ಟ್ರಿಪ್ಪನ್ನು ಎಸೆಯಬೇಡಿ. ನಾಟಿ ಔಷಧ, ತೂಕ ಇಳಿಸುವ ಪುಡಿ, ಹಬ್ಬ ಹರಕೆಗೆಂದು ಮುಟ್ಟು ಮುಂದೂಡಲು ನುಂಗಿದ ಮಾತ್ರೆ ಇವೂ ಪಟ್ಟಿಯಲ್ಲಿರಲಿ. ಕೊನೆಯದನ್ನು ವೈದ್ಯರಿಗೆ ಹೇಳಲು ಎಷ್ಟೋ ಮಂದಿ ಮರೆಯುತ್ತಾರೆ.

ಪಟ್ಟಿಯಲ್ಲಿ ಯಾವುದನ್ನು ಮೊದಲು ಅನುಮಾನಿಸಬೇಕು? ವಾಂತಿ, ಹೊಟ್ಟೆಯುಬ್ಬರಕ್ಕೆ ಕೊಡುವ ಡೊಂಪೆರಿಡೋನ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಇವೆರಡೂ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಹಾಲೂಡಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚದಂತೆ ಹಿಡಿದಿಟ್ಟಿರುವುದು ಈ ಡೋಪಮಿನ್. ಅದರ ಹಿಡಿತ ಸಡಿಲಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ, ಅಂಡಾಶಯಕ್ಕೆ ಹೋಗಬೇಕಾದ ಸಂಕೇತಗಳು ಕುಗ್ಗುತ್ತವೆ, ಮುಟ್ಟು ನಿಲ್ಲುತ್ತದೆ. ಬಾಣಂತಿಯಲ್ಲದವರಿಗೂ ಎದೆಯಲ್ಲಿ ಹಾಲು ಜಿನುಗಬಹುದು. ಆಸಿಡಿಟಿಯ ಕ್ಯಾಪ್ಸೂಲಿನಲ್ಲಿಯೇ ಡೊಂಪೆರಿಡೋನ್ ಬೆರೆತಿರುವುದು ನಮ್ಮಲ್ಲಿ ಸಾಮಾನ್ಯ. ಆದ್ದರಿಂದ ಬ್ರ್ಯಾಂಡ್ ಹೆಸರನ್ನಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಬೇಕು.

ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್‌ನದು ಬೇರೆಯೇ ದಾರಿ. ಫಿನ್ಲೆಂಡಿನ ಸಂಶೋಧಕರು 238 ಮಹಿಳೆಯರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಲ್ಪ್ರೊಯೇಟ್ ಒಂದನ್ನೇ ಸೇವಿಸುತ್ತಿದ್ದವರ ಪೈಕಿ ಶೇ 43ರಷ್ಟು ಮಂದಿಯ ಅಂಡಾಶಯಗಳಲ್ಲಿ, ಮುಟ್ಟಿನ ಏರುಪೇರಿನೊಂದಿಗೆ ನಂಟಿರುವ ಬಹುಗುಳ್ಳೆಗಳು (ಪಾಲಿಸಿಸ್ಟಿಕ್) ಕಂಡುಬಂದವು. 20 ವರ್ಷ ತುಂಬುವ ಮೊದಲೇ ಔಷಧ ಆರಂಭಿಸಿದವರಲ್ಲಿ ಇದು ಇನ್ನೂ ಹೆಚ್ಚಾಗಿತ್ತು. ಮೂರ್ಛೆರೋಗವೇ ಮುಟ್ಟನ್ನು ಏರುಪೇರು ಮಾಡಬಲ್ಲದು ಎಂಬುದನ್ನೂ ಮರೆಯಬಾರದು. ರೋಗದ ಪಾಲೆಷ್ಟು, ಔಷಧದ ಪಾಲೆಷ್ಟು ಎಂಬ ಚರ್ಚೆ ಆಗಿನಿಂದ ನಡೆದೇ ಇದೆ. ಚರ್ಚೆಗೆ ಎಡೆಯಿಲ್ಲದ ಸಂಗತಿ ಬೇರೆ: ಗರ್ಭಿಣಿ ವಾಲ್ಪ್ರೊಯೇಟ್ ಸೇವಿಸಿದರೆ ನೂರರಲ್ಲಿ ಸುಮಾರು ಹತ್ತು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಾರೆ, ನೂರರಲ್ಲಿ 30ರಿಂದ 40 ಮಕ್ಕಳಿಗೆ ಬೆಳವಣಿಗೆ, ಕಲಿಕೆಯ ತೊಂದರೆಗಳು ಕಾಣಿಸಿಕೊಳ್ಳಬಹುದು. ಮದುವೆ, ಮಕ್ಕಳ ಮಾತು ಎದ್ದಾಗಲೇ ನರರೋಗ ತಜ್ಞರನ್ನು ಕಂಡರೆ ಔಷಧ ಬದಲಿಸಲು ಸಮಯ ಸಿಗುತ್ತದೆ.

ಇಷ್ಟು ಓದಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆ ಒಮ್ಮೆಲೇ ನಿಂತರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಬರೆದ ಹಾಳೆಯನ್ನು ಮಾತ್ರೆ ಕೊಟ್ಟ ವೈದ್ಯರ ಮುಂದಿಟ್ಟು, ‘ಇದು ಈ ಔಷಧದಿಂದ ಆಗಿರಬಹುದೇ, ಬದಲಿ ಇದೆಯೇ?’ ಎಂದು ನೇರವಾಗಿ ಕೇಳಿ. ಅವರು ಪ್ರೊಲ್ಯಾಕ್ಟಿನ್ ಮತ್ತು ಥೈರಾಯ್ಡ್ ಪರೀಕ್ಷೆ ಬರೆದುಕೊಡಬಹುದು. ಒಬ್ಬರಲ್ಲಿಯೇ ಎರಡು ಕಾರಣಗಳಿರುವುದೂ ಉಂಟು.

ಕೊನೆಯ ಹೆಜ್ಜೆಯನ್ನು ನಮ್ಮಲ್ಲಿ ಬಹುಪಾಲು ಜನ ಇಡುವುದೇ ಇಲ್ಲ. ಭಾರತದಲ್ಲಿ 2010ರಿಂದ ಔಷಧಗಳ ಅಡ್ಡ ಪರಿಣಾಮಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ರೋಗಿಯೇ ನೇರವಾಗಿ ವರದಿ ಮಾಡಲು ಪ್ರತ್ಯೇಕ ನಮೂನೆಯಿದ್ದು, ಅದು ಕನ್ನಡದಲ್ಲಿಯೂ ಸಿಗುತ್ತದೆ. 1800-180-3024 ಎಂಬ ಶುಲ್ಕರಹಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಕರೆ ಮಾಡಿಯೂ ತಿಳಿಸಬಹುದು. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೆಂದೇ ನಿಗಾ ಕೇಂದ್ರಗಳಿವೆ. ಪೂರ್ಣ ಹೆಸರು ಬೇಕಿಲ್ಲ, ಮೊದಲಕ್ಷರಗಳು ಸಾಕು. ಔಷಧವೇ ಕಾರಣವೆಂದು ಸಾಧಿಸಿ ತೋರಿಸಬೇಕಾಗಿಯೂ ಇಲ್ಲ, ಅನುಮಾನವಿದ್ದರೆ ಸಾಕು. ‘ಮುಟ್ಟಿನ ತೊಂದರೆ’ ಎಂದಷ್ಟೇ ಬರೆಯದೆ, ‘30 ದಿನಕ್ಕೆ ಆಗುತ್ತಿದ್ದದ್ದು ಮಾತ್ರೆ ಆರಂಭಿಸಿದ ಮೇಲೆ 70 ದಿನವಾದರೂ ಆಗಿಲ್ಲ’ ಎಂಬಷ್ಟು ನಿಖರವಾಗಿ ಬರೆಯಿರಿ.

ವರದಿ ಕಳುಹಿಸಿದ ಮೇಲೆ ಕ್ಯಾಲೆಂಡರಿನ ಗುರುತನ್ನು ಮುಂದುವರಿಸಿ. ವೈದ್ಯರು ಔಷಧ ಬದಲಿಸಿದ ಬಳಿಕ ಮುಟ್ಟು ಮೊದಲಿನ ಕ್ರಮಕ್ಕೆ ಮರಳಿದರೆ, ಅನುಮಾನವನ್ನು ಗಟ್ಟಿಮಾಡುವ ಸುಳಿವು ಅದೇ. ಆ ದಿನಾಂಕವನ್ನೂ ಅದೇ ವರದಿಗೆ ಸೇರಿಸುವಂತೆ ಮತ್ತೊಮ್ಮೆ ಕರೆ ಮಾಡಿ ತಿಳಿಸಿ.